ಬ್ಲಾಗಿಗೆ ಮಳೆ ಬರಿಸುವುದೋ, ಹಣತೆ ಹಚ್ಚುವುದೋ? ಹಂಗಾಮಿನ ಅನಿಮೇಷನ್‌ಗಳ ಒಂದು ಹೋಲಿಕೆ

ಕಳೆದ ಆಷಾಢದಲ್ಲಿ ನನ್ನ ಬ್ಲಾಗಿಗೆ ಮಳೆ ಬರಿಸಿದ್ದೆ. ಹೊರಗೆ ಶಿರಸಿಯ ಮಳೆ ಹೇಗೆ ಹೊಯ್ಯುತ್ತಿತ್ತೋ ಪುಟದ ಮೇಲೂ ಹಾಗೇ ಸುರಿಯಲಿ ಎಂದು ಎರಡು ಸಂಜೆ ಕೂತು ಒಂದು ಸ್ಕ್ರಿಪ್ಟ್ ಬರೆದೆ. ಖುಷಿಯಿಂದ ದೊಡ್ಡಪ್ಪನಿಗೆ ಲಿಂಕ್ ಕಳಿಸಿದೆ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಬಗೆಗಿನ ಲೇಖನ ಅದು. ಮಳೆ ನಡುವೆ ಸಿಕ್ಕ ಹೊಳವಿನಲ್ಲಿ ಔಷಧಿ ಹೊಡೆಸಲು ಅವರಿಗೆ ಅಳತೆ ಬೇಕಿತ್ತು. ಹತ್ತು ನಿಮಿಷಕ್ಕೆ ಫೋನ್ ಬಂತು.

"ತಮಾ, ಇದೆಂತದೋ? ಹೊರಗೂ ಮಳೆ, ಫೋನಲ್ಲೂ ಮಳೆ. ಒಂದು ಅಕ್ಷರ ಕಾಣ್ತಿಲ್ಲೆ. ಸುಣ್ಣ ಎಷ್ಟು ಕೇಜಿ ಹೇಳಿ ಬರದ್ದೆ?"

ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ ಎಂದು ಬಾಯಲ್ಲೇ ಹೇಳಿ ಫೋನಿಟ್ಟೆ. ಆ ಮಳೆಯನ್ನು ಅವತ್ತೇ ತೆಗೆಯಲಿಲ್ಲ, ಅಷ್ಟು ಕಷ್ಟಪಟ್ಟಿದ್ದೆನಲ್ಲ! ಆದರೆ ತಲೆಯೊಳಗೆ ಹುಳ ಬಿಟ್ಟ ಹಾಗಾಯ್ತು. ಆಮೇಲೆ ನನ್ನ ಹಾಗೇ ಸ್ವಂತ ಪುಟ ಇಟ್ಟುಕೊಂಡ ನಾಲ್ಕಾರು ಜನ, ಅಂದರೆ ಕುಮಟೆಯಲ್ಲಿ ಅಡುಗೆ ಬ್ಲಾಗ್ ಬರೆಯುವ ಅತ್ತಿಗೆ, ಯಾಣದ ಹತ್ತಿರ ಹೋಮ್‌ಸ್ಟೇ ನಡೆಸುವ ಭಾವ, ಕಾರವಾರದಲ್ಲಿ ಕಡಲ ಫೋಟೊ ತೆಗೆಯುವ ಗೆಳೆಯ, ಒಬ್ಬರಾದ ಮೇಲೆ ಒಬ್ಬರು ಇದೇ ಕೇಳಿದರು: ಹಬ್ಬಕ್ಕೆ ಪುಟದ ಮೇಲೆ ಏನಾದರೂ ಕುಣಿಸಬೇಕು, ಗಿಫ್ (ಅಲುಗುವ ಚಿತ್ರ) ಹಾಕಲೋ, ಪ್ಲಗಿನ್ (ಪುಟಕ್ಕೆ ಸೇರಿಸುವ ಸಿದ್ಧ ತಂತ್ರಾಂಶ) ಹಾಕಲೋ, ಯಾರ ಹತ್ತಿರವಾದರೂ ಮಾಡಿಸಲೋ? ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಅಳೆಯುವುದು ಯಾವುದರಿಂದ

ನಮ್ಮ ಕಡೆ ಚೌತಿಗೆ ಗಣಪತಿಯ ಮೇಲೆ ಫಲಾವಳಿ ಕಟ್ಟುತ್ತೇವೆ. ತೆಂಗಿನಕಾಯಿ, ಅಡಿಕೆ ಕೊನೆ, ಹಾಗಲಕಾಯಿ, ಕಾಡಿನಿಂದ ತಂದ ಬಣ್ಣಬಣ್ಣದ ಕಾಯಿ, ಎಲ್ಲ ತೂಗುತ್ತವೆ. ಆದರೆ ಅದನ್ನು ಮೂರ್ತಿಯ ಮುಖಕ್ಕೆ ಅಡ್ಡ ಕಟ್ಟುವವರನ್ನು ನಾನಂತೂ ಕಂಡಿಲ್ಲ. ಚೌಕಟ್ಟು ತಾಳುವಷ್ಟೇ ಭಾರ ಹೇರುತ್ತಾರೆ, ಗಣಪತಿಯನ್ನು ಕಳಿಸಿದ ಮೇಲೆ ಇಳಿಸುತ್ತಾರೆ. ಪುಟದ ಅಲಂಕಾರಕ್ಕೂ ನಾನು ಕೇಳುವುದು ಈ ಮೂರನ್ನೇ: ಓದಿಗೆ ಅಡ್ಡ ಬರುತ್ತದೆಯೇ, ಭಾರ ಎಷ್ಟು, ಇಳಿಸುವವರು ಯಾರು.

ಅಡ್ಡ ಬರುವುದು ಎಂದರೆ ಅಕ್ಷರ ಮುಚ್ಚುವುದೊಂದೇ ಅಲ್ಲ. ಕಣ್ಣಂಚಿನಲ್ಲಿ ಏನೋ ಅಲುಗುತ್ತಿದ್ದರೆ ಕೆಲವರಿಗೆ ತಲೆ ತಿರುಗುತ್ತದೆ, ವಾಕರಿಕೆ ಬರುತ್ತದೆ. ಅಂಥವರಿಗಾಗಿ ಆಂಡ್ರಾಯ್ಡ್‌ನಲ್ಲಿ ಅನಿಮೇಷನ್ ತೆಗೆದುಹಾಕುವ, ಐಫೋನ್‌ನಲ್ಲಿ ಚಲನೆ ಕಡಿಮೆ ಮಾಡುವ ಸೆಟ್ಟಿಂಗ್ ಇದೆ. ನಿಮ್ಮ ಪುಟ ಅದಕ್ಕೆ ತಲೆಬಾಗಬೇಕು. ವೆಬ್ ಎಲ್ಲರಿಗೂ ನಿಲುಕಬೇಕೆಂದು ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯಲ್ಲಿ ನಮಗೆ ಬೇಕಾದ ಎರಡು ಅಂಕಿಗಳಿವೆ. ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಓದಿನ ಪಕ್ಕದಲ್ಲಿ ಅಲುಗುವ ಯಾವುದನ್ನೇ ಆಗಲಿ ನಿಲ್ಲಿಸಲು ಓದುಗರಿಗೆ ದಾರಿ ಇರಬೇಕು. ಇನ್ನೊಂದು, ಯಾವುದೂ ಒಂದು ಸೆಕೆಂಡಿನಲ್ಲಿ 3 ಸಲಕ್ಕಿಂತ ಹೆಚ್ಚು ಮಿನುಗಬಾರದು. ದೀಪಾವಳಿಯ ಸೀರಿಯಲ್ ಸೆಟ್ಟಿನ ಹಾಗೆ ಪಕಪಕ ಮಿನುಗಿಸುವವರು ಇದನ್ನು ಗಮನಿಸಿ. ಬೆಳಕು ಮಿನುಗಿದರೆ ಫಿಟ್ಸ್ ಬರುವವರಿದ್ದಾರೆ, ಅವರ ಪಾಲಿಗೆ ಇದು ಅಲಂಕಾರವಲ್ಲ.

ಭಾರ ಎರಡು ಬಗೆ. ಡೌನ್‌ಲೋಡ್ ಆಗುವಾಗ ಕಿಲೋಬೈಟ್ ಲೆಕ್ಕ, ಓಡುವಾಗ ಬ್ಯಾಟರಿ ಲೆಕ್ಕ. ಜುಲೈನಲ್ಲಿ ಕರೆಂಟು ಹೋಗಿ, ಟವರೂ ಅರ್ಧ ಜೀವದಲ್ಲಿದ್ದು, ಶೇ. 18 ಚಾರ್ಜಿನಲ್ಲಿ ನಿಮ್ಮ ಪುಟ ತೆರೆಯುವವರು ನಮ್ಮ ಘಟ್ಟದ ಊರುಗಳಲ್ಲಿ ಎಷ್ಟು ಬೇಕಾದರೂ ಇದ್ದಾರೆ. ಮಳೆಯ ಅನಿಮೇಷನ್ ಹಾಕಬೇಕೆನ್ನಿಸುವುದೂ ಅದೇ ಜುಲೈನಲ್ಲಿ.

ಇಳಿಸುವ ಮಾತು ಎಲ್ಲರೂ ಮರೆಯುವಂಥದ್ದು. ಮಾರ್ಚ್ ತಿಂಗಳ ಬಿಸಿಲಲ್ಲಿ ಹಣತೆ ಉರಿಯುತ್ತಿರುವ ಪುಟ ನೀವೂ ನೋಡಿರುತ್ತೀರಿ.

ಏನನ್ನು ಕುಣಿಸುವುದು

ವಿಧಾನಕ್ಕಿಂತ ಮೊದಲು ವಸ್ತುವಿನ ಮಾತು. ಸಿದ್ಧವಾಗಿ ಸಿಗುವುದೆಲ್ಲ ಹಿಮ, ಅಕ್ಟೋಬರದ ಕೆಂಪೆಲೆ, ಜಪಾನಿನ ಚೆರ್ರಿ ಹೂವು. ಕುಮಟೆಯ ಪುಟದ ಮೇಲೆ ಹಿಮ ಬಿದ್ದರೆ ನಗುವುದೋ ಅಳುವುದೋ! ನಮ್ಮಲ್ಲಿ ಎಲೆ ಉದುರುವ ಕಾಲ ಮಾಘ, ಫಾಲ್ಗುಣ. ಅಕ್ಟೋಬರದಲ್ಲಿ ಕಾಡು ಹಸಿರಾಗೇ ಇರುತ್ತದೆ. ಮೇ ಕೊನೆಗೆ, ಮೊದಲ ಮಳೆಯ ಆಸುಪಾಸಿನಲ್ಲಿ, ಮರ ತುಂಬ ಮಿಂಚುಹುಳ. ಬೇಸಿಗೆಯ ಮೊದಲಿಗೆ ಅಂಕೋಲೆ, ಕಾರವಾರದ ಪೇಟೆಯಲ್ಲಿ ಸುರಂಗಿ ದಂಡೆ. ಹೋಳಿಗೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ತುರಾಯಿ. ಕಾರ್ತಿಕದಲ್ಲಿ ಹಣತೆ, ಆಕಾಶಬುಟ್ಟಿ. ಇವುಗಳಲ್ಲಿ ಯಾವುದನ್ನು ಆರಿಸುತ್ತೀರಿ ಎಂಬುದರ ಮೇಲೇ ಅರ್ಧ ವಿಧಾನ ನಿರ್ಧಾರವಾಗುತ್ತದೆ. ಒಂದು ಹಣತೆಯ ಕುಡಿ ಅಲುಗಿಸಲು ಬೇಕಾದದ್ದು ಬೇರೆ, ಇನ್ನೂರು ಮಳೆಹನಿ ಬೀಳಿಸಲು ಬೇಕಾದದ್ದು ಬೇರೆ.

ಗಿಫ್

ಹಳೆಯ ಸ್ನೇಹಿತ. 1987ರಲ್ಲಿ ಹುಟ್ಟಿದ್ದು, ಇವತ್ತಿಗೂ ಎಲ್ಲಿ ಹಾಕಿದರೂ ಓಡುತ್ತದೆ. ಚಿತ್ರ ಸೇರಿಸಲು ಬಂದರೆ ಸಾಕು, ಕೋಡ್ ಬೇಡ, ಯಾರ ಅಪ್ಪಣೆಯೂ ಬೇಡ. ಆದರೆ ಒಂದು ಚೌಕಟ್ಟಿಗೆ (ಫ್ರೇಮಿಗೆ) 256 ಬಣ್ಣವಷ್ಟೇ. ಹಣತೆಯ ಸುತ್ತ ಹಳದಿಯಿಂದ ಕತ್ತಲಿಗೆ ಇಳಿಯುವ ಬೆಳಕಿದೆಯಲ್ಲ, ಅದು ಗಿಫ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಪಾರದರ್ಶಕತೆಯಲ್ಲೂ ಅರೆಬರೆ ಇಲ್ಲ. ಒಂದು ಚುಕ್ಕಿ ಪೂರ್ತಿ ಕಾಣುತ್ತದೆ, ಇಲ್ಲವೇ ಪೂರ್ತಿ ಮಾಯ. ಬಿಳಿ ಹಿನ್ನೆಲೆಗೆ ಮಾಡಿದ ಹಣತೆಯನ್ನು ಕಪ್ಪು ಪುಟಕ್ಕೆ ಅಂಟಿಸಿದರೆ ಸುತ್ತಲೂ ಬಿಳಿ ಕೊರೆ ಉಳಿಯುವುದು ಇದಕ್ಕೇ. ಅತ್ತಿಗೆ ಅದನ್ನು ನೋಡಿ "ದೀಪಕ್ಕೆ ಹತ್ತಿ ಅಂಟಿದ ಹಾಂಗೆ ಕಾಣ್ತು" ಎಂದಿದ್ದಳು.

ನೂರು ಪಿಕ್ಸೆಲ್ ಅಗಲದ ಒಂದೇ ದೀಪ, ಎಂಟು ಹತ್ತು ಚೌಕಟ್ಟು, ಅಷ್ಟಕ್ಕೆ ಗಿಫ್ ಸಾಕು. ಪುಟದಗಲಕ್ಕೆ ಹಿಗ್ಗಿಸಿದರೆ ನೂರಾರು ಕಿಲೋಬೈಟ್ ದಾಟಿ ಮೆಗಾಬೈಟಿಗೂ ಹೋಗುತ್ತದೆ. ಅಲುಗುವ ವೆಬ್‌ಪಿ ಚಿತ್ರ ಇದಕ್ಕಿಂತ ಹಗುರ, ಅಂಚೂ ನಯ. ಮಾಡುವ ಸಲಕರಣೆ ಗೊತ್ತಿದ್ದರೆ ಅದನ್ನೇ ಬಳಸಿ. ಚಲನೆ ಬೇಡವೆಂದವರಿಗೆ ಗಿಫ್ ತಾನಾಗಿ ನಿಲ್ಲುವುದಿಲ್ಲ. ಪುಟದ ಕೋಡಿನ ಪಿಕ್ಚರ್ ಟ್ಯಾಗಿನೊಳಗೆ, ಚಲನೆ ಬೇಡವೆಂದವರಿಗೆ ಎಂಬ ಷರತ್ತು ಹಾಕಿ, ಒಂದು ನಿಂತ ಚಿತ್ರವನ್ನೂ ಕೊಟ್ಟಿಟ್ಟರೆ ಬ್ರೌಸರ್ ಅಂಥವರಿಗೆ ಅದನ್ನು ತೋರಿಸುತ್ತದೆ.

ಸಿಎಸ್‌ಎಸ್

ಪುಟದ ಬಣ್ಣ, ಆಕಾರ, ಚಲನೆ ಹೇಗಿರಬೇಕೆಂದು ಬ್ರೌಸರಿಗೆ ಹೇಳುವ ಭಾಷೆ ಇದು. ಕೈಯಲ್ಲಿ ಎರಡು ಸಂಜೆ ಇದ್ದವರಿಗೆ ನನ್ನ ಓಟು ಇದಕ್ಕೇ. ನಾಲ್ಕಾರು ಚಿಕ್ಕ ಎಸ್‌ವಿಜಿ (ಗೆರೆಗಳ ಲೆಕ್ಕದಲ್ಲಿ ಬರೆದ) ಚಿತ್ರ, ಒಂದು ಪುಟದಷ್ಟು ಸಿಎಸ್‌ಎಸ್, ಎಲ್ಲ ಸೇರಿ ಹತ್ತು ಕಿಲೋಬೈಟ್ ದಾಟುವುದಿಲ್ಲ. ಲೈಬ್ರರಿ ಬೇಡ, ಬೇರೆಯವರ ಸರ್ವರ್ ಬೇಡ.

ಸುರಂಗಿ ಹೂವನ್ನೇ ತೆಗೆದುಕೊಳ್ಳಿ. ನಾಲ್ಕು ಬಿಳಿ ಎಸಳು, ನಡುವೆ ಹಳದಿ ಕೇಸರದ ಗುಚ್ಛ. ಮೊದಲ ಸಲ ನಾನು ಮಾಡಿದಾಗ ಹೂವುಗಳು ಕಲ್ಲಿನ ಹಾಗೆ ನೆಟ್ಟಗೆ ಬಿದ್ದವು, ಎಲ್ಲವೂ ಒಟ್ಟಿಗೆ ಬಿದ್ದವು, ಎಂಟು ಸೆಕೆಂಡಾದ ಮೇಲೆ ಎಲ್ಲವೂ ಒಟ್ಟಿಗೆ ಮತ್ತೆ ಮೇಲಿಂದ ಹೊರಟವು, ಶಾಲೆಯ ಡ್ರಿಲ್ ಕ್ಲಾಸಿನ ಹಾಗೆ. ಇದನ್ನು ಸರಿಮಾಡಲು ಮೂರು ಉಪಾಯ ಸಾಕಾಯ್ತು. ಪ್ರತಿ ಹೂವನ್ನೂ ಒಂದರೊಳಗೊಂದು ಎರಡು ಡಬ್ಬಿಗಳಲ್ಲಿ ಇಡಿ. ಹೊರಗಿನ ಡಬ್ಬಿಗೆ ಬೀಳುವ ಕೆಲಸ, ಒಳಗಿನದಕ್ಕೆ ಎಡಕ್ಕೂ ಬಲಕ್ಕೂ ತೂಗುವ ಕೆಲಸ. ಬೀಳುವ ಕಾಲ ಒಂದಕ್ಕೆ 9 ಸೆಕೆಂಡು, ಇನ್ನೊಂದಕ್ಕೆ 11, ಮತ್ತೊಂದಕ್ಕೆ 13, ಹೀಗೆ ಬೇರೆ ಬೇರೆ ಕೊಡಿ, ಅವು ಬೇಗ ತಾಳ ಕೂಡುವುದಿಲ್ಲ. ಶುರುವಾಗುವ ವಿಳಂಬವನ್ನು ಮೈನಸ್‌ನಲ್ಲಿ ಕೊಡಿ. ಮೈನಸ್ 4 ಸೆಕೆಂಡು ಎಂದರೆ ಆ ಹೂವು ಹೊರಟು ಆಗಲೇ ನಾಲ್ಕು ಸೆಕೆಂಡಾಗಿದೆ ಎಂದರ್ಥ. ಪುಟ ತೆರೆದಾಗಲೇ ಕೆಲವು ಅರ್ಧ ದಾರಿಯಲ್ಲಿರುತ್ತವೆ, ಮೊದಲಿಂದಲೂ ಉದುರುತ್ತಲೇ ಇದ್ದಂತೆ.

ಬೀಳಿಸುವಾಗ ಪುಟದಲ್ಲಿ ಜಾಗ ಹೇಳುವ ಟಾಪ್ ಮತ್ತು ಲೆಫ್ಟ್ ಬೆಲೆಗಳನ್ನು ಬದಲಿಸಬೇಡಿ, ಚಿತ್ರವನ್ನು ಸರಿಸುವ, ತಿರುಗಿಸುವ ಟ್ರಾನ್ಸ್‌ಫಾರ್ಮ್ ಮತ್ತು ಮಸುಕಾಗಿಸುವ ಒಪ್ಯಾಸಿಟಿಯಲ್ಲೇ ಮುಗಿಸಿ. ಸೆಕೆಂಡಿಗೆ 60 ಚೌಕಟ್ಟು ತೋರಿಸುವ ಪರದೆಯಲ್ಲಿ ಒಂದೊಂದಕ್ಕೂ ಸಿಗುವುದು ಸುಮಾರು 16.7 ಮಿಲಿಸೆಕೆಂಡು. ಟಾಪ್ ಬದಲಿಸಿದರೆ ಬ್ರೌಸರ್ ಪ್ರತಿ ಸಲವೂ ಜಾಗದ ಲೆಕ್ಕ ಮಾಡಬೇಕು. ಟ್ರಾನ್ಸ್‌ಫಾರ್ಮ್ ಆದರೆ ಸಾಮಾನ್ಯವಾಗಿ ಗ್ರಾಫಿಕ್ಸ್ ಚಿಪ್ ಅದನ್ನು ಸುಲಭದಲ್ಲಿ ಜಾರಿಸಿಬಿಡುತ್ತದೆ. ಹಳೆಯ ಫೋನಿನಲ್ಲಿ ಈ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ.

ಮರೆತರೆ ಪೆಟ್ಟು ಕೊಡುವ ಸಣ್ಣಪುಟ್ಟವೂ ಇವೆ. ಹೂವಿನ ಪದರ ಬೆರಳಿನ ಒತ್ತನ್ನು ತಡೆಯದಂತೆ ಪಾಯಿಂಟರ್ ಈವೆಂಟ್ಸ್ ಎಂಬ ಸಿಎಸ್‌ಎಸ್ ಸಾಲಿಗೆ "none" ಎಂದು ಕೊಡಬೇಕು. ಇದರ ಕಥೆ ಮುಂದಿದೆ. ಪದರದ ಹೊರಗೆ ಚಾಚಿದ್ದನ್ನು ಅಡಗಿಸದಿದ್ದರೆ ಫೋನಿನಲ್ಲಿ ಪುಟ ಅಡ್ಡಡ್ಡ ಜಾರುತ್ತದೆ. ಪರದೆ ಓದಿ ಹೇಳುವ ತಂತ್ರಾಂಶ ಬಳಸುವ ಅಂಧ ಓದುಗರಿಂದ ಈ ಪದರವನ್ನು ಮರೆಮಾಡಿ. ಇಮೋಜಿ ಬಳಸಿ ಉದುರಿಸಿದ್ದರೆ ಆ ತಂತ್ರಾಂಶ ಒಂದೊಂದನ್ನೂ ಹೆಸರಿಟ್ಟು ಓದಬಹುದು. ಇಮೋಜಿಯ ಮಾತು ಬಂತು ನೋಡಿ, ಹಣತೆಯ ಇಮೋಜಿ ಯೂನಿಕೋಡಿಗೆ ಸೇರಿದ್ದೇ 2019ರಲ್ಲಿ, ಅದಕ್ಕಿಂತ ಹಳೆಯ ಫೋನುಗಳಲ್ಲಿ ದೀಪದ ಬದಲು ಖಾಲಿ ಚೌಕ ಉದುರುತ್ತದೆ. ಮುದ್ರಣದಲ್ಲೂ ಪದರವನ್ನು ತೆಗೆದುಬಿಡಿ. ಪತ್ತೋಳಿ ಮಾಡುವ ವಿಧಾನ ಪ್ರಿಂಟ್ ತೆಗೆದವರ ಹಾಳೆಯಲ್ಲಿ ಅರಿಶಿನ ಎಲೆಯ ಅಳತೆಯ ಮೇಲೇ ಹೂವು ಕೂತಿತ್ತು.

ಸಿಎಸ್‌ಎಸ್‌ಗೂ ಮಿತಿ ಇದೆ. ಫೋನಿಗೆ ಆರು, ಕಂಪ್ಯೂಟರಿಗೆ ಹನ್ನೆರಡು ಹೂವು ಚಂದ. ಇನ್ನೂರು ಹನಿಗೆ ಇನ್ನೂರು ಡಬ್ಬಿ ಜೋಡಿಸಿದರೆ ಪುಟ ಏದುಸಿರು ಬಿಡುತ್ತದೆ.

ಕ್ಯಾನ್ವಾಸ್

ಮಳೆ, ಮಂಜು, ಮಿಂಚುಹುಳಗಳ ರಾಶಿಗೆ ಇದು. ಒಂದೇ ಹಲಗೆಯ ಮೇಲೆ ಜಾವಾಸ್ಕ್ರಿಪ್ಟ್ ಪ್ರತಿ ಚೌಕಟ್ಟನ್ನೂ ಹೊಸದಾಗಿ ಬಿಡಿಸುತ್ತದೆ. ನೀವೇ ಬರೆದರೆ ಮೂರು ನಾಲ್ಕು ಕಿಲೋಬೈಟಿನಲ್ಲಿ ಮುಗಿಯುತ್ತದೆ. ಗಾಳಿ ಬೀಸಿದ ಹಾಗೆ ಹನಿ ವಾಲಿಸಬಹುದು, ಬೆರಳಿಟ್ಟಲ್ಲಿ ಹುಳ ಚದುರಿಸಬಹುದು. ಇಷ್ಟು ಸ್ವಾತಂತ್ರ್ಯ ಬೇರೆ ಯಾವುದರಲ್ಲೂ ಇಲ್ಲ. ಅದಕ್ಕೆ ತಕ್ಕ ಬ್ಯಾಟರಿಯನ್ನೂ ತಿನ್ನುತ್ತದೆ, ಓದುಗರು ನೋಡಲಿ ಬಿಡಲಿ.

ನನ್ನ ಮಳೆಯಲ್ಲಿ ಒಂದು ತಮಾಷೆಯಾಯ್ತು. ನನ್ನ ಫೋನಿನಲ್ಲಿ ಸೋನೆಮಳೆ, ತಂಗಿಯ ಹೊಸ ಫೋನಿನಲ್ಲಿ ಜಡಿಮಳೆ. ಕಾರಣ ಹುಡುಕಲು ಅರ್ಧ ದಿನ ಬೇಕಾಯ್ತು. ಪ್ರತಿ ಚೌಕಟ್ಟಿಗೆ ಹನಿ ಇಷ್ಟು ಪಿಕ್ಸೆಲ್ ಇಳಿಯಲಿ ಎಂದು ಬರೆದಿದ್ದೆ. ನನ್ನ ಪರದೆ ಸೆಕೆಂಡಿಗೆ 60 ಸಲ ಬದಲಾದರೆ ಅವಳದು 120 ಸಲ, ಹಾಗಾಗಿ ಅಲ್ಲಿ ಮಳೆಗೆ ಎರಡು ಪಟ್ಟು ವೇಗ. ಕಳೆದ ಚೌಕಟ್ಟಿನಿಂದ ಎಷ್ಟು ಮಿಲಿಸೆಕೆಂಡು ಕಳೆಯಿತೋ ಅಷ್ಟಕ್ಕೆ ತಕ್ಕಂತೆ ಇಳಿಸಿದಾಗ ಎರಡೂ ಕಡೆ ಒಂದೇ ಮಳೆ. ಸಿದ್ಧ ಸ್ಕ್ರಿಪ್ಟ್ ತರುವವರೂ ಇದನ್ನು ಎರಡು ಫೋನಿನಲ್ಲಿ ನೋಡಿಯೇ ಹಾಕಿ. ಸ್ಕ್ರಿಪ್ಟಿನಲ್ಲಿ ರಿಕ್ವೆಸ್ಟ್ ಅನಿಮೇಷನ್ ಫ್ರೇಮ್ (ಮುಂದಿನ ಚೌಕಟ್ಟು ಬಿಡಿಸುವ ಹೊತ್ತನ್ನು ಬ್ರೌಸರಿಗೇ ಬಿಡುವ ಆದೇಶ) ಬಳಸಿದ್ದರೆ ಓದುಗರು ಬೇರೆ ಟ್ಯಾಬಿಗೆ ಹೋದಾಗ ಮಳೆ ತಾನೇ ನಿಲ್ಲುತ್ತದೆ, ಟೈಮರ್ ಬಳಸಿದ್ದರೆ ಹಾಗೆ ಪೂರ್ತಿ ನಿಲ್ಲುವ ಭರವಸೆ ಇಲ್ಲ.

ಮಿಂಚುಹುಳಕ್ಕೆ ಇನ್ನೊಂದು ಮಾತು. ಅದು ಕಪ್ಪು ಹಿನ್ನೆಲೆ ಕೇಳುತ್ತದೆ. ಬಿಳಿ ಪುಟದ ಮೇಲೆ ಹಳದಿ ಚುಕ್ಕಿ ಓಡಾಡಿದರೆ ಕಾಮಾಲೆ ಸೊಳ್ಳೆಯ ಹಾಗಿರುತ್ತದೆ. ಬೆಳಕು ಏರಿ ಇಳಿಯಲು ಎರಡು ಸೆಕೆಂಡಾದರೂ ಕೊಡಿ.

ಲಾಟಿ

ಪೊಲೀಸರ ಲಾಠಿಯಲ್ಲ. 2017ರಲ್ಲಿ ಏರ್‌ಬಿಎನ್‌ಬಿ ಕಂಪನಿಯವರು ಬಿಟ್ಟ ಅನಿಮೇಷನ್ ಪದ್ಧತಿ. ನೆರಳಿನ ಆಕೃತಿಗಳನ್ನು ಕುಣಿಸಿ ಚಿತ್ರ ಮಾಡುತ್ತಿದ್ದ ಜರ್ಮನಿಯ ಲೊಟ್ಟೆ ರೈನಿಗರ್ ಅವರ ಹೆಸರು ಇದಕ್ಕೆ. ನಮ್ಮ ತೊಗಲುಗೊಂಬೆಯವರಿಗೆ ದೂರದ ಬಳಗ ಎನ್ನಬಹುದು. ಆಫ್ಟರ್ ಎಫೆಕ್ಟ್ಸ್ ಎಂಬ ಅನಿಮೇಷನ್ ತಂತ್ರಾಂಶದಲ್ಲಿ ಕಲಾವಿದರು ಮಾಡಿದ್ದು ಜೇಸನ್ ಎಂಬ ಬರಹರೂಪದ ಕಡತವಾಗಿ ಬರುತ್ತದೆ, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಯಕ್ಷಗಾನದ ವೇಷ ಗಿರಕಿ ಹೊಡೆಯಬೇಕು, ತೇರು ಎಳೆಯಬೇಕು ಎಂಬಂಥ ಕಥೆ ಇರುವ ಚಲನೆಗೆ ಇದರಷ್ಟು ಚಂದ ಬೇರೆಯಿಲ್ಲ. ಆದರೆ ಚಿತ್ರ ಎಷ್ಟೇ ಚಿಕ್ಕದಿರಲಿ, ಅದನ್ನು ಓಡಿಸುವ ಪ್ಲೇಯರ್ ಬೇರೆ ಇಳಿಯಬೇಕು, ಕುಗ್ಗಿಸಿದರೂ ಹತ್ತಾರು ಕಿಲೋಬೈಟ್. ಉಚಿತ ಸಂಗ್ರಹಗಳಲ್ಲಿ ನಮ್ಮ ಕಡೆಯ ವಸ್ತು ಸಿಗುವುದು ಕಡಿಮೆ, ಹೀಗಾಗಿ ಮಾಡಿಸಲೇಬೇಕು, ಅಂದರೆ ದುಡ್ಡು. ವರ್ಷಕ್ಕೆ ಹತ್ತು ದಿನ ಹಾಕುವ ಅಲಂಕಾರಕ್ಕೆ ಕಲಾವಿದರ ಸಂಭಾವನೆ ಹೊಂದುತ್ತದೆಯೇ ಎಂದು ನೀವೇ ಲೆಕ್ಕ ಹಾಕಿ. ಸಂಘ, ಸಮಿತಿಯ ಪುಟವಾದರೆ ಹೊಂದಬಹುದು, ಒಬ್ಬರ ಬ್ಲಾಗಿಗೆ ನನಗಂತೂ ಹೊಂದಿಲ್ಲ.

ಸಿದ್ಧ ಪ್ಲಗಿನ್, ಅಂಟಿಸುವ ಸ್ಕ್ರಿಪ್ಟ್

ಐದು ನಿಮಿಷದ ಕೆಲಸ. ಗೂಗಲ್‌ನ ಬ್ಲಾಗರ್ ತಾಣದಲ್ಲಿ ಲೇಔಟಿಗೆ ಹೋಗಿ ಎಚ್‌ಟಿಎಂಎಲ್ ಗ್ಯಾಜೆಟ್ ಸೇರಿಸಿ ಅಂಟಿಸಿದರಾಯ್ತು. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ಖಾತೆಯಲ್ಲಿ ಇಂಥ ಸ್ಕ್ರಿಪ್ಟ್ ಅಂಟಿಸಲು ಬಿಡುವುದಿಲ್ಲ. ಅಲ್ಲಿರುವವರಿಗೆ ಚಿತ್ರ ಅಥವಾ ಗಿಫ್ ಒಂದೇ ದಾರಿ ಎಂದುಕೊಳ್ಳಿ. ಅದೇ ವರ್ಡ್‌ಪ್ರೆಸ್ ಡಾಟ್ ಕಾಮ್ ಬಹಳ ವರ್ಷ ಡಿಸೆಂಬರಿನಲ್ಲಿ ಹಿಮ ಬೀಳಿಸುವ ಗುಂಡಿ ಕೊಡುತ್ತಿತ್ತು, ಜನವರಿ 4ಕ್ಕೆ ಹಿಮ ತಾನೇ ನಿಲ್ಲುತ್ತಿತ್ತು. ಇಳಿಸುವ ದಿನವನ್ನು ಕಟ್ಟುವಾಗಲೇ ಗೊತ್ತು ಮಾಡಿದ್ದು ನನಗೆ ಬಹಳ ಇಷ್ಟವಾದ ವಿಷಯ.

ನಮಗೆ ತೊಡಕಾಗುವುದೂ ಇಲ್ಲೇ. ಇಂಥ ಪ್ಲಗಿನ್ನುಗಳಲ್ಲಿ "ಪ್ರತಿ ವರ್ಷ ಇದೇ ದಿನ" ಎಂಬ ಆಯ್ಕೆ ಇರುತ್ತದೆ, ಕ್ರಿಸ್‌ಮಸ್ಸಿಗೆ ಅದು ಸರಿ. ನಮ್ಮ ನರಕ ಚತುರ್ದಶಿ 2024ರಲ್ಲಿ ಅಕ್ಟೋಬರ್ 31ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 20ಕ್ಕೆ. ಶಿರಸಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಪಂಚಾಂಗ ಗೊತ್ತಿಲ್ಲದ ಪ್ಲಗಿನ್ ಹಬ್ಬ ಮುಗಿದ ಮೇಲೆ ಹಣತೆ ಹಚ್ಚುತ್ತದೆ. ಆರಂಭ ಮತ್ತು ಕೊನೆಯ ದಿನವನ್ನು ಕೈಯಾರೆ ಬರೆಯಲು ಬರುವಂಥದ್ದನ್ನೇ ಆರಿಸಿ. ಕ್ಯಾಲೆಂಡರ್ ಬಂದ ದಿನ ಕೂತು ಇಡೀ ವರ್ಷದ ತಾರೀಖು ತುಂಬಿಬಿಡಿ.

ಈಗ ಭಾವನ ಕಥೆ. ಚೌತಿಗೆ ಮುಂಚೆ ಹೋಮ್‌ಸ್ಟೇ ಪುಟಕ್ಕೆ ಎಲ್ಲಿಂದಲೋ ತಂದ ಹೂಮಳೆಯ ಸ್ಕ್ರಿಪ್ಟ್ ಅಂಟಿಸಿದ್ದರು. ಚಂದ ಕಾಣುತ್ತಿತ್ತು. ಸಾಲು ರಜೆ ಬಂದರೂ ಆ ವಾರ ಫೋನೇ ಬರಲಿಲ್ಲ. ಕೊನೆಗೆ ಹುಬ್ಬಳ್ಳಿಯವರೊಬ್ಬರು ಮ್ಯಾಪಿನಲ್ಲಿ ನಂಬರ್ ಹುಡುಕಿ ಕರೆ ಮಾಡಿ, "ನಿಮ್ಮ ಸೈಟಿನಾಗ ಕಾಲ್ ಬಟನ್ ಒತ್ತಿದ್ರ ಏನೂ ಆಗವಲ್ದು ನೋಡ್ರಿ" ಎಂದರು. ಕಣ್ಣಿಗೆ ಕಾಣದ ಹೂವಿನ ಪದರ ಇಡೀ ಪರದೆಯನ್ನು ಮುಚ್ಚಿ ಎಲ್ಲ ಒತ್ತನ್ನೂ ತಾನೇ ನುಂಗುತ್ತಿತ್ತು. ಪಾಯಿಂಟರ್ ಈವೆಂಟ್ಸ್‌ನ ಒಂದು ಸಾಲು ಇಲ್ಲದ್ದಕ್ಕೆ ಒಂದು ವಾರದ ಬುಕಿಂಗ್ ಹೋಯ್ತು.

ಇದಕ್ಕಿಂತ ದೊಡ್ಡ ಅಪಾಯವೆಂದರೆ, ಬೇರೆಯವರ ಸರ್ವರಿನಿಂದ ಬರುವ ಸ್ಕ್ರಿಪ್ಟ್ ನಾಳೆ ಯಾರ ಕೈಗೆ ಹೋಗುತ್ತದೋ ಹೇಳಲಾಗದು. 2024ರ ಜೂನ್‌ನಲ್ಲಿ ಪಾಲಿಫಿಲ್ ಡಾಟ್ ಐಒ ಎಂಬ ಡೊಮೇನ್ ಹೊಸ ಒಡೆಯರ ಕೈಗೆ ಹೋದ ಮೇಲೆ ಅದರಿಂದ ದುರುದ್ದೇಶದ ಕೋಡ್ ಹರಿದದ್ದು ಬೆಳಕಿಗೆ ಬಂತು. ಅದನ್ನು ಬಳಸುತ್ತಿದ್ದ ತಾಣಗಳು ಒಂದು ಲಕ್ಷಕ್ಕೂ ಹೆಚ್ಚು. ಸ್ಕ್ರಿಪ್ಟ್ ಬಳಸುವುದಿದ್ದರೆ ಪರವಾನಗಿ ನೋಡಿಕೊಂಡು, ಕಡತವನ್ನು ಡೌನ್‌ಲೋಡ್ ಮಾಡಿ ನಿಮ್ಮ ಜಾಗದಲ್ಲೇ ಇಟ್ಟುಕೊಳ್ಳಿ.

ಹಿನ್ನೆಲೆ ವಿಡಿಯೊದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದನಿ ಮುಚ್ಚಿದ್ದರೆ ಮಾತ್ರ ತಾನಾಗಿ ಓಡುತ್ತದೆ, ಕಡಿಮೆ ಬ್ಯಾಟರಿ ಮೋಡಿನಲ್ಲಿರುವ ಐಫೋನಿನಲ್ಲಿ ಅದೂ ಇಲ್ಲ, ಮೇಲಿಂದ ಮೆಗಾಬೈಟುಗಟ್ಟಲೆ ಭಾರ. ಕಾರವಾರದ ಗೆಳೆಯ ಕಡಲ ಅಲೆಯ ವಿಡಿಯೊ ಹಾಕಿ, ತಿಂಗಳಾದ ಮೇಲೆ ತೆಗೆದು, ಒಂದು ಸ್ತಬ್ಧ ಫೋಟೊ ಹಾಕಿದ.

ಆ ಸ್ತಬ್ಧ ಫೋಟೊವನ್ನೂ ಒಂದು ಆಯ್ಕೆಯಾಗಿಯೇ ಎಣಿಸಿ. ತಲೆಬರಹದ ಚಿತ್ರವನ್ನು ಹಂಗಾಮಿಗೊಮ್ಮೆ ಬದಲಿಸುವುದಕ್ಕೆ ಖರ್ಚಿಲ್ಲ, ಯಾವ ಫೋನಿಗೂ ಭಾರವಿಲ್ಲ, ಯಾರಿಗೂ ತಲೆ ತಿರುಗುವುದಿಲ್ಲ.

ಯಾರಿಗೆ ಯಾವುದು

ಕೋಡ್ ಮುಟ್ಟದ, ದುಡ್ಡು ಹಾಕದ ವಿದ್ಯಾರ್ಥಿಗೆ ಮೂಲೆಯಲ್ಲೊಂದು ಚಿಕ್ಕ ಗಿಫ್ ಅಥವಾ ತಲೆಬರಹದ ಚಿತ್ರ. ಅಡುಗೆ, ಕೃಷಿ ಹೀಗೆ ಜನ ಅಳತೆ ನೋಡಲು ಬರುವ ಪುಟಕ್ಕೆ ಸಿಎಸ್‌ಎಸ್, ಅದೂ ಮುಖಪುಟದಲ್ಲಿ ಮಾತ್ರ, ಲೇಖನದ ಒಳಗೆ ಬೇಡ. ಅತ್ತಿಗೆ ಈಗ ಹಾಗೇ ಮಾಡಿದ್ದಾಳೆ. ಹೋಮ್‌ಸ್ಟೇ, ಅಂಗಡಿ ಇದ್ದವರು ಗುಂಡಿ ಒತ್ತಿದರೆ ಕರೆ ಹೋಗುತ್ತದೋ ಎಂದು ಮೊದಲು ನೋಡಿ ಆಮೇಲೆ ಹೂವು ಹಾಕಿ. ನಾನಾಗಿದ್ದರೆ ಚಿತ್ರದಲ್ಲೇ ಮುಗಿಸುತ್ತಿದ್ದೆ. ಕತೆ ಕವನ ಬರೆಯುವವರ, ಪುಟವೇ ಒಂದು ಅನುಭವವಾಗಲಿ ಎನ್ನುವವರ ಪಾಲಿಗೆ ಕ್ಯಾನ್ವಾಸ್, ಕಪ್ಪು ಹಿನ್ನೆಲೆ, ಮಿಂಚುಹುಳ. ಜಾತ್ರೆಯ ಸಮಿತಿಗೆ ದುಡ್ಡಿದ್ದರೆ ತೇರಿನ ಲಾಟಿ ಮಾಡಿಸಬಹುದು, ಎರಡು ವರ್ಷಕ್ಕೊಮ್ಮೆ ಅದನ್ನೇ ತೆಗೆದು ಬಳಸಲು ಬರುತ್ತದೆ.

ಯಾವುದನ್ನೇ ಹಾಕಿ, ಮನೆಯಲ್ಲಿರುವ ಅತ್ಯಂತ ಹಳೆಯ ಫೋನಿನಲ್ಲಿ, ವೈಫೈ ಬಂದ್ ಮಾಡಿ, ಒಮ್ಮೆ ತೆರೆದು ನೋಡಿ. ಆಮೇಲೆ ಅದೇ ಫೋನಿನ ಸೆಟ್ಟಿಂಗಿನಲ್ಲಿ ಅನಿಮೇಷನ್ ಬಂದ್ ಮಾಡಿ ಇನ್ನೊಮ್ಮೆ.

ನನ್ನ ಮಳೆಯನ್ನು ನಾನು ಪೂರ್ತಿ ಬಿಡಲಿಲ್ಲ. ಹನಿಗಳನ್ನು 150ರಿಂದ 40ಕ್ಕೆ ಇಳಿಸಿದೆ, ಅಕ್ಷರದ ಹಿಂದಕ್ಕೆ ಸರಿಸಿದೆ, ಐದು ಸೆಕೆಂಡಾಗುವಷ್ಟರಲ್ಲಿ ನಿಲ್ಲುವಂತೆ ಮಾಡಿದೆ. ಈ ಸಲ ದೊಡ್ಡಪ್ಪನ ಮನೆಗೇ ಹೋಗಿ ಅವರ ಫೋನಿನಲ್ಲಿ ತೆರೆದು ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು ಸ್ವಲ್ಪ ಹೊತ್ತು ನೋಡಿದರು.

"ಹಾಂ, ಈಗ ಹೊಳವಾತು" ಎಂದು ಓದಲು ಕೂತರು.